ಮೃತ ಸಂಖ್ಯೆ ಒಂದು

ಕೆಂಪಣ್ಣ ಅಷ್ಟು ಹೊತ್ತಿಗೆ ಹನ್ನೊಂದು ಸಲ ಸತ್ತಿದ್ದ.

ಭೂಕಂಪದಲ್ಲಿ ನಾಲ್ಕು ಸಲ, ಬೆಂಕಿಯಲ್ಲಿ ಮೂರು ಸಲ, ಅನಿಲ ಸೋರಿ ಎರಡು ಸಲ, ಮಾರುಕಟ್ಟೆಯಲ್ಲಿ ಬಾಂಬು ಸಿಡಿದು ಒಂದು ಸಲ. ಒಮ್ಮೆ ಯಮುನೆಯ ನೆರೆಯಲ್ಲೂ ಸತ್ತ. ಆವತ್ತು ಟ್ಯಾಂಕರಿನವನು ಕೈಕೊಟ್ಟದ್ದರಿಂದ ಒಣ ನೆಲದ ಮೇಲೇ ಮುಳುಗಬೇಕಾಯಿತು. ಸಾಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಏಳುವುದು ಹನ್ನೊಂದೂ ಮುಕ್ಕಾಲಿಗೆ. ಎದ್ದ ಮೇಲೆ ರಸ್ತೆಯಲ್ಲಿ ಚೆಲ್ಲಿದ ತನ್ನ ರಕ್ತವನ್ನು ತಾನೇ ತೊಳೆಯಬೇಕು. ಸ್ಟ್ರೆಚರುಗಳನ್ನು ಮಡಚಿ ಟೆಂಪೋಗೆ ಹಾಕಬೇಕು. ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಬೇಕು. ಬದುಕುಳಿದವರು ಅಷ್ಟರಲ್ಲಿ ಸಮೋಸ ತಿನ್ನುತ್ತಿರುತ್ತಿದ್ದರು.

ಆಪತ್ತು ಬಂದಾಗ ಸರ್ಕಾರ ಎಲ್ಲ ಬೀದಿಗೂ ತಾನೇ ಬರಲಾಗುವುದಿಲ್ಲ. ಜನರನ್ನು ಜನರೇ ಕಾಪಾಡಿಕೊಳ್ಳಲಿ ಎಂದು ಅದು ಸ್ವಯಂಸೇವಕರ ನಾಗರಿಕ ರಕ್ಷಣಾ ದಳ ಕಟ್ಟಿದೆ. ಕೆಲವು ಬೀದಿ ಸೇರಿಸಿ ಒಂದು ಸೆಕ್ಟರ್, ಅದಕ್ಕೊಬ್ಬ ವಾರ್ಡನ್. ಅವನ ಮೇಲೆ ಇನ್ನೊಬ್ಬ ವಾರ್ಡನ್, ಅವನ ಮೇಲೆ ಮತ್ತೊಬ್ಬ. ಆಪತ್ತು ದಿನಾ ಬರುವುದಿಲ್ಲವಾದ್ದರಿಂದ ಆಗಾಗ ಸುಳ್ಳು ಆಪತ್ತು ತರಿಸಿ ಅಭ್ಯಾಸ ಮಾಡುತ್ತಾರೆ. ಅದಕ್ಕೆ ಮಾಕ್ ಡ್ರಿಲ್ ಎಂದು ಹೆಸರು. ಮಾಕ್ ಡ್ರಿಲ್ಲಿಗೆ ಕಾಪಾಡುವವರು ಬೇಕು, ಗಾಯಗೊಂಡವರು ಬೇಕು, ಕನಿಷ್ಠ ಒಬ್ಬ ಸತ್ತವನೂ ಬೇಕು. ಕಾಪಾಡಲು ಎಲ್ಲರೂ ಸಿದ್ಧರಿದ್ದರು. ಸಾಯಲು ಕೆಂಪಣ್ಣನಿದ್ದ.

ಆ ದಿನ ಬೆಳಿಗ್ಗೆ ದೆಹಲಿಯ ಲಕ್ಷ್ಮೀ ನಗರದ ಒಂದೂವರೆ ಕೋಣೆಯ ಮನೆಯಲ್ಲಿ ಅವನ ಹೆಂಡತಿ ರತ್ನಮ್ಮ ಗೋಡೆಯ ಮೊಳೆಯಿಂದ ಹಳೆಯ ಪ್ಯಾಂಟು ತೆಗೆದು ಅವನ ಮುಂದೆ ಎಸೆದಳು.

"ಇದ್ ಹಾಕ್ಕೊಂಡ್ ಸಾಯಿ. ಹೋದ್ ಸಲ ಸತ್ತಿದ್ ಕಲೆ ಇನ್ನೂ ಬಿಟ್ಟಿಲ್ಲ. ಒಗೆದೂ ಒಗೆದೂ ನನ್ ಕೈ ಸತ್ತೋಗದೆ."

"ಇವತ್ತು ಸಾಯಲ್ಲ ಕಣೆ. ಇವತ್ತು ವಾರ್ಡನ್."

"ಯಾರಂದ್ರು?"

"ಶ್ರೀವತ್ಸ ಸರ್."

"ಹೋದ್ ಸಲಾನೂ ಅಂದಿದ್ರು."

"ಹೋದ ಸಲ ಅವರು ಅಂದದ್ದು ಮುಂದಿನ ಸಲ ಅಂತ. ಇದೇ ಮುಂದಿನ ಸಲ."

ರತ್ನಮ್ಮ ಪ್ಯಾಂಟನ್ನು ಎತ್ತಿಕೊಳ್ಳಲಿಲ್ಲ. ಅಲ್ಲೇ ಬಿಟ್ಟಳು. ಹನ್ನೊಂದನೆಯ ತರಗತಿಯ ಮಗಳು ಧಾರಿಣಿ ಪುಸ್ತಕದಿಂದ ತಲೆಯೆತ್ತದೆಯೇ ಕೇಳಿದಳು: "ಪಪ್ಪಾ, ಪಕ್ಕಾ ನಾ? ನಾನು ಫ್ರೆಂಡ್ಸ್‌ಗೆ ಬೋಲ್ ದಿಯಾ."

"ಪಕ್ಕಾ," ಎಂದ ಕೆಂಪಣ್ಣ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡ. ಬಾಗಿಲು ದಾಟಿದವನು ಒಳಗೆ ಬಂದು, ಹಳೆಯ ಪ್ಯಾಂಟನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡ. ಯಾತಕ್ಕೂ ಇರಲಿ ಎನ್ನುವುದು ಅವನ ಸ್ವಭಾವ. ಅವನ ಬದುಕು ಕೆಟ್ಟದ್ದೂ ಆ ಸ್ವಭಾವದಿಂದಲೇ.

ಏಳು ವರ್ಷದ ಹಿಂದೆ ದಳ ಸೇರಲು ಹೋದಾಗ ಗುರುತಿಗೆ ಎರಡು ದಾಖಲೆ ಲಗತ್ತಿಸಿ ಎಂದು ಅರ್ಜಿಯಲ್ಲಿತ್ತು. ಕೆಂಪಣ್ಣ ಆಗ ಒಂದು ಕೋಚಿಂಗ್ ಸೆಂಟರಿನಲ್ಲಿ ಅಟೆಂಡರ್. ಹಗಲು ಬೆಂಚು ಜೋಡಿಸಿ, ಬೋರ್ಡು ಒರೆಸಿ, ಸಂಜೆ ಕಾಲೇಜಿಗೆ ಹೋಗಿ ನಲವತ್ತರ ಹತ್ತಿರ ಬಿ.ಎ. ಮಾಡಿಕೊಂಡವನು. ಎರಡು ದಾಖಲೆ ಸಾಲದೇ ಹೋದರೆ ಎಂದು ಅವನಿಗೆ ಭಯ. ಆಧಾರ್ ಇಟ್ಟ, ಮತದಾರರ ಚೀಟಿ ಇಟ್ಟ, ಸಂಜೆ ಕಾಲೇಜಿನ ಅಂಕಪಟ್ಟಿ ಇಟ್ಟ. ಕೊನೆಗೆ ತಿ. ನರಸೀಪುರದ ತಹಸೀಲ್ದಾರರು ಕೊಟ್ಟಿದ್ದ ಜಾತಿ ಪ್ರಮಾಣಪತ್ರದ ನಕಲನ್ನೂ ಇಟ್ಟ. ಯಾರೂ ಕೇಳಿರಲಿಲ್ಲ. ಕಚ್ಚಿದ ಪಿನ್ನಿಗೆ ಇನ್ನೊಂದು ಹಾಳೆ ಭಾರವಾಗುವುದಿಲ್ಲವಲ್ಲ ಎಂದುಕೊಂಡಿದ್ದ.

ಆ ಪ್ರಮಾಣಪತ್ರ ಕನ್ನಡದಲ್ಲಿತ್ತು. ಅರ್ಜಿ ತೆಗೆದುಕೊಳ್ಳುವ ಕೋಣೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಒಬ್ಬ, ಕೊಟ್ಟವನು. ಇನ್ನೊಬ್ಬರು, ತೆಗೆದುಕೊಂಡವರು.

ತೆಗೆದುಕೊಂಡವರು ಶ್ರೀವತ್ಸ. ಕೇಂದ್ರದ ಒಂದು ಸಚಿವಾಲಯದಲ್ಲಿ ದುಡಿದು ನಿವೃತ್ತರಾಗಿ ದಳದ ಹಿರಿಯ ವಾರ್ಡನ್ ಆಗಿದ್ದರು. "ಅರೆ, ನಮ್ಮ ಮೈಸೂರು ಕಡೆಯವರು!" ಎಂದು ಕುರ್ಚಿಯಿಂದ ಅರ್ಧ ಎದ್ದರು. ಹಾಳೆಗಳನ್ನು ಮಗುಚಿದರು. ಕೊನೆಯ ಹಾಳೆಯಲ್ಲಿ 'ಆದಿ ಕರ್ನಾಟಕ' ಎಂಬಲ್ಲಿ ಕಣ್ಣು ನಿಂತಿತು. ಅರ್ಧ ಎದ್ದವರು ಪೂರ್ತಿ ಕೂತರು. "ಸಂತೋಷ ಕೆಂಪ, ಬಹಳ ಸಂತೋಷ," ಎಂದರು. ಬಂದಾಗ ಕೆಂಪಣ್ಣನವರಾಗಿದ್ದವನು ಹೋಗುವಾಗ ಕೆಂಪ ಆಗಿದ್ದ.

ಮೊದಲ ಡ್ರಿಲ್ಲಿನಲ್ಲಿ ಅವನು ಸಾಯಬೇಕಾದವನೇ ಅಲ್ಲ. ಗಾಯಾಳುಗಳಿಗೆ ಬಣ್ಣದ ಚೀಟಿ ಕಟ್ಟುವುದು ದಳದ ಪದ್ಧತಿ. ನಡೆಯಬಲ್ಲವರಿಗೆ ಹಸಿರು, ಕಾಯಬಲ್ಲವರಿಗೆ ಹಳದಿ, ಕೂಡಲೇ ಕಾಪಾಡಬೇಕಾದವರಿಗೆ ಕೆಂಪು. ಸತ್ತವರಿಗೆ ಕಪ್ಪು. ಕೆಂಪಣ್ಣನ ಕತ್ತಿನಲ್ಲಿ ಕೆಂಪು ಚೀಟಿಯಿತ್ತು. ಅವನ ಎದೆಯನ್ನು ಮೂವತ್ತು ಸಲ ಒತ್ತಬೇಕಾದವರು ನಿವಾಸಿಗಳ ಸಂಘದ ಅಧ್ಯಕ್ಷರಾದ ಭಾಟಿಯಾ ಜೀ. ನಲ್ಲಿ, ಕಮೋಡು ಮಾರುವ ದೊಡ್ಡ ಅಂಗಡಿಯವರು. ಪಕ್ಕದಲ್ಲಿ ಮಂಡಿಯೂರಿದರು. ಕೈ ಚಾಚಿದರು. ಶ್ರೀವತ್ಸ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ತಹಸೀಲ್ದಾರರು ಕನ್ನಡದಲ್ಲಿ ಬರೆದದ್ದನ್ನು ಹಿಂದಿಯಲ್ಲಿ ಹೇಳಲು ಮೂರು ಸೆಕೆಂಡು ಸಾಕಾಯಿತು. ಭಾಟಿಯಾ ಜೀ ಎದ್ದು ಮಂಡಿ ಒರೆಸಿಕೊಂಡರು.

"ಎಕ್ಸ್‌ಪೈರ್ ಹೋ ಗಯಾ," ಎಂದು ಘೋಷಿಸಿದರು.

ಚೀಟಿ ಬದಲಾಯಿತು. ಕೆಂಪು ಬಿಚ್ಚಿ ಕಪ್ಪು ಕಟ್ಟಿಕೊಳ್ಳಲು ಕೆಂಪಣ್ಣನಿಗೇ ಹೇಳಿದರು. ಅವನು ಎದ್ದು ಕೂತು, ತನ್ನ ಸಾವನ್ನು ತಾನೇ ಕತ್ತಿಗೆ ಕಟ್ಟಿಕೊಂಡು ಮತ್ತೆ ಮಲಗಿದ. ಆ ರಾತ್ರಿ ಮನೆಯಲ್ಲಿ ತರಬೇತಿ ಪುಸ್ತಕ ತೆಗೆದು ಉಸಿರಾಟದ ಅಧ್ಯಾಯ ಮೂರು ಸಲ ಓದಿದ. ತಪ್ಪು ನನ್ನದೇ ಇರಬಹುದು, ನಾನೇ ಸರಿಯಾಗಿ ಉಸಿರಾಡಿರಲಿಕ್ಕಿಲ್ಲ ಎಂದುಕೊಂಡ.

ಆಮೇಲೆ ಅದೇ ರೂಢಿಯಾಯಿತು. ಸತ್ತವನನ್ನು ಯಾರೂ ಮುಟ್ಟಬೇಕಾಗಿಲ್ಲ. ಅವನಿಗೆ ಪಟ್ಟಿ ಕಟ್ಟಬೇಕಿಲ್ಲ, ನೀರು ಕುಡಿಸಬೇಕಿಲ್ಲ. ಕೊನೆಯಲ್ಲಿ "ಕೆಂಪ, ಏಳು," ಎಂದರೆ ತಾನೇ ನಡೆದು ಶವದ ಡೇರೆಗೆ ಹೋಗುತ್ತಾನೆ. ದಳಕ್ಕೆ ಇದಕ್ಕಿಂತ ಅನುಕೂಲದ ಸ್ವಯಂಸೇವಕ ಎಲ್ಲಿ ಸಿಗುತ್ತಾನೆ? ಯಾರೂ ಅವನಿಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ದಸರೆಗೆ ಶ್ರೀವತ್ಸ ಮನೆಯಿಂದ ತಂದ ಮೈಸೂರು ಪಾಕನ್ನು ಅವನಿಗೂ ಕೊಡುತ್ತಿದ್ದರು. ಮೇಲಿನಿಂದ. ಒಂದು ಗೇಣು ಎತ್ತರದಿಂದ.

ಸತ್ತುಕೊಂಡೇ ಕೆಂಪಣ್ಣ ಏಳು ವರ್ಷ ಎಲ್ಲವನ್ನೂ ಕಲಿತ. ಹಗ್ಗದ ಹನ್ನೆರಡು ಗಂಟು ಕಲಿತ. ಬೆಂಕಿ ಆರಿಸುವ ಸಿಲಿಂಡರು ಬಿಚ್ಚಿ ಜೋಡಿಸಲು ಕಲಿತ. ರಜೆಯ ದಿನಗಳಲ್ಲಿ ಸೆಕ್ಟರಿನ ಮುನ್ನೂರ ಹನ್ನೆರಡು ಮನೆಗಳ ಮೆಟ್ಟಿಲು ಹತ್ತಿ ಇಳಿದು, ಹಾಸಿಗೆ ಹಿಡಿದವರು ಎಷ್ಟು, ಆಂಬ್ಯುಲೆನ್ಸ್ ನುಗ್ಗದ ಗಲ್ಲಿ ಯಾವುದು, ಯಾವ ನೆಲಮಾಳಿಗೆಯಲ್ಲಿ ಹುಡುಗರನ್ನು ತುಂಬಿ ಪಾಠ ಮಾಡುತ್ತಾರೆ ಎಂದು ಒಂದು ರಿಜಿಸ್ಟರ್ ಬರೆದ. ಆ ರಿಜಿಸ್ಟರಿಗೆ ಜಿಲ್ಲೆಯಿಂದ ಪ್ರಶಂಸಾಪತ್ರ ಬಂತು. ಶ್ರೀವತ್ಸರ ಹೆಸರಿಗೆ. ಬಿಡು, ಅಕ್ಷರ ನನ್ನದಲ್ಲವೇ ಎಂದುಕೊಂಡ. ಅವನಿಗೆ ಬೇಕಿದ್ದದ್ದು ಒಂದೇ, ಆ ಸೆಕ್ಟರಿನ ವಾರ್ಡನ್ ಹುದ್ದೆ. ಸಂಬಳವಿಲ್ಲ, ಭತ್ಯೆಯಿಲ್ಲ. ತೋಳಿಗೊಂದು ಪಟ್ಟಿ, ನೋಟಿಸ್ ಬೋರ್ಡಿನಲ್ಲಿ ಒಂದು ಹೆಸರು. ಆಪತ್ತು ಬಂದ ದಿನ ಮುನ್ನೂರ ಹನ್ನೆರಡು ಮನೆಯವರು ಬಾಗಿಲು ತೆರೆದು, "ಕೆಂಪಣ್ಣ ಜೀ, ಎಲ್ಲಿಗೆ ಹೋಗಬೇಕು?" ಎಂದು ಅವನನ್ನು ಕೇಳಬೇಕು. ಇಷ್ಟೇ.

ಆ ಬೆಳಿಗ್ಗೆ ಸಮುದಾಯ ಭವನದ ಗೋಡೆಗೆ ಡ್ರಿಲ್ಲಿನ ಪಟ್ಟಿ ಅಂಟಿಸಿದ್ದರು. ಸನ್ನಿವೇಶ: ಭೂಕಂಪ, ಕಟ್ಟಡ ಕುಸಿತ. ಸೆಕ್ಟರ್ ವಾರ್ಡನ್: ಗಗನ್ ಭಾಟಿಯಾ. ಕೆಂಪಣ್ಣ ಬೆರಳು ಇಟ್ಟು ಕೆಳಗೆ ಕೆಳಗೆ ಹೋದ. ರಕ್ಷಣಾ ತಂಡ, ಪ್ರಥಮ ಚಿಕಿತ್ಸೆ, ಹಸಿರು, ಹಳದಿ, ಕೆಂಪು. ಕಡೆಯ ಸಾಲಿನಲ್ಲಿ ಬೆರಳು ನಿಂತಿತು. ಮೃತ ಸಂಖ್ಯೆ ಒಂದು: ಕೆಂಪಣ್ಣ.

ಗಗನ್ ಭಾಟಿಯಾ ಜೀಯವರ ಅಣ್ಣನ ಮಗ. ದಳಕ್ಕೆ ಸೇರಿ ಮೂರು ವಾರವಾಗಿತ್ತು.

"ಸರ್," ಎಂದ ಕೆಂಪಣ್ಣ ಶ್ರೀವತ್ಸರ ಹಿಂದೆ ನಿಂತು. "ಪಟ್ಟಿಯಲ್ಲಿ ಏನೋ ತಪ್ಪಾಗಿದೆ ಅನಿಸುತ್ತೆ."

"ತಪ್ಪಲ್ಲ ಕೆಂಪ. ನಾನು ಬಹಳ ಹೋರಾಡಿದೆ. ಅಲ್ಲಿ ಮೇಲೆ ರೂಲ್ಸ್ ಕೇಳ್ತಾರೆ. ವಾರ್ಡನ್ ಆಗೋಕೆ ಹಿಂದಿನ ಡ್ರಿಲ್‌ಗಳಲ್ಲಿ ಏನು ಕೆಲಸ ಮಾಡಿದೀಯ ಅಂತ ತೋರಿಸಬೇಕು. ನಿನ್ನ ಫೈಲು ತೆಗೆದು ನೋಡಿದೆ. ಹನ್ನೊಂದು ಸಲ ಬರೀ 'ಮೃತ' ಅಂತಿದೆ. ಏಳು ವರ್ಷದಲ್ಲಿ ನೀನು ಏನೂ ಮಾಡೇ ಇಲ್ಲವಲ್ಲೋ."

"ಸಾಯಿ ಅಂದವರು ನೀವೇ ಅಲ್ಲವಾ ಸರ್?"

"ಅಚ್ಛಾ, ಈಗ ನನ್ನ ಮೇಲೆ ಹಾಕ್ತೀಯಾ?" ಶ್ರೀವತ್ಸ ನಕ್ಕರು. ಬೆನ್ನು ತಟ್ಟುವವರಂತೆ ಕೈ ಎತ್ತಿ, ಗಾಳಿಯಲ್ಲೇ ತಟ್ಟಿ ಕೆಳಗಿಳಿಸಿದರು. "ಇವತ್ತು ಜಿಲ್ಲೆಯಿಂದ ಮೇಡಂ ಬರ್ತಿದಾರೆ. ಚೆನ್ನಾಗಿ ಸಾಯಿ. ನಿನ್ನಷ್ಟು ಚೆನ್ನಾಗಿ ಈ ದೆಹಲಿಯಲ್ಲಿ ಯಾರೂ ಸಾಯಲ್ಲ, ನಾನು ಎಲ್ಲರಿಗೂ ಹೇಳ್ತೀನಿ. ಮುಂದಿನ ಸಲ ನೋಡೋಣ."

ಕೆಂಪಣ್ಣ ಭವನದ ಬಚ್ಚಲಿಗೆ ಹೋಗಿ ಹಳೆಯ ಪ್ಯಾಂಟು ಹಾಕಿಕೊಂಡ. ಗುಂಡಿ ಸಿಗಲಿಲ್ಲ.

ಮೇ ತಿಂಗಳು. ನಲವತ್ನಾಲ್ಕು ಡಿಗ್ರಿ. ಭವನದ ಮುಂದಿನ ಡಾಂಬರು ಕುದಿಯುತ್ತಿತ್ತು. ಹಸಿರು ಚೀಟಿಯವರು ಬೇವಿನ ಮರದ ನೆರಳಿನಲ್ಲಿ ಗಾಯಗೊಂಡಿದ್ದರು. ಹಳದಿಯವರು ಶಾಮಿಯಾನದ ಕೆಳಗೆ. ಕೆಂಪಿನವರಿಗೆ ಚಾಪೆಯಿತ್ತು. ಸತ್ತವನಿಗೆ ಶೆಖೆಯಾಗುವುದಿಲ್ಲ. ಕೆಂಪಣ್ಣನನ್ನು ನಡು ರಸ್ತೆಯಲ್ಲಿ, ಸುರಿದ ಇಟ್ಟಿಗೆ ಚೂರುಗಳ ಮಧ್ಯೆ ಮಲಗಲು ಹೇಳಿದರು. ರಕ್ತ ಎಂದರೆ ಗುಲಾಬಿ ಶರಬತ್ತು. ಭಾಟಿಯಾ ಜೀ ಬಾಟಲಿಯನ್ನು ದೂರದಿಂದ ಎತ್ತಿ ಅವನ ಎದೆಗೆ, ಹಣೆಗೆ ಸುರಿದರು. ಮೊದಲು ಇರುವೆ ಬಂದವು. ಆಮೇಲೆ ನೊಣ. ಬೆನ್ನ ಕೆಳಗೆ ಡಾಂಬರು ಅಂಗಿಯನ್ನು ದಾಟಿ ಚರ್ಮಕ್ಕೆ ಬಂತು.

ಸೈರನ್ ಕೂಗಿತು. ಡ್ರಿಲ್ ಶುರುವಾಯಿತು.

ಜಿಲ್ಲೆಯ ಅಧಿಕಾರಿ ಮೇಡಂ ಹೊಸಬರು. ಹಿಂದಿನವರು ಚಹಾ ಕುಡಿದು ಫೋಟೊ ತೆಗೆಸಿಕೊಂಡು ಹತ್ತು ನಿಮಿಷದಲ್ಲಿ ಹೋಗುತ್ತಿದ್ದರು. ಇವರು ಎಲ್ಲಿಯೋ ತರಬೇತಿ ಮುಗಿಸಿ ನೇರವಾಗಿ ಬಂದಿದ್ದರು. ಕೈಯಲ್ಲಿ ಸ್ಟಾಪ್‌ವಾಚು, ಕಂಕುಳಲ್ಲಿ ತರಬೇತಿ ಪುಸ್ತಕ. ಚಹಾ ಬೇಡವೆಂದರು. ಶ್ರೀವತ್ಸರ ಮುಖ ಅಲ್ಲೇ ಬಾಡಿತು.

"ಸೆಕ್ಟರ್ ವಾರ್ಡನ್ ಯಾರು? ಈ ಸೆಕ್ಟರಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ?" ಎಂದು ಹಿಂದಿಯಲ್ಲಿ ಕೇಳಿದರು.

ಗಗನ್ ತೋಳಿನ ಪಟ್ಟಿ ಸರಿಮಾಡಿಕೊಂಡ. "ಮೇಡಂ, ಬಹುತ್ ಹೈಂ."

ಹತ್ತೊಂಬತ್ತು, ಎಂದುಕೊಂಡ ಕೆಂಪಣ್ಣ ಕಣ್ಣು ಮುಚ್ಚಿಕೊಂಡೇ. ಮೂರನೇ ಗಲ್ಲಿಯಲ್ಲಿ ಐವರು. ಅವರಲ್ಲಿ ಒಬ್ಬಾಕೆಗೆ ಕಿವಿ ಕೇಳಿಸುವುದಿಲ್ಲ, ಸೈರನ್ ಊದಿ ಪ್ರಯೋಜನವಿಲ್ಲ. ನಾಲಿಗೆ ತುದಿಗೆ ಬಂತು. ಹಲ್ಲಿನ ಹಿಂದೆ ಹಿಡಿದ. ಒಂದು ನೊಣ ಮೂಗಿನ ಮೇಲೆ ಕೂತು ಶರಬತ್ತು ಕುಡಿಯುತ್ತಿತ್ತು.

ರಕ್ಷಣೆ ಭರದಿಂದ ನಡೆಯಿತು. ನಡೆಯಬಲ್ಲ ಹಸಿರಿನವರನ್ನು ನಾಲ್ಕು ನಾಲ್ಕು ಜನ ಎತ್ತಿದರು. ಬ್ಯಾಂಕ್ ಮ್ಯಾನೇಜರೊಬ್ಬರ ಕಿರುಬೆರಳಿನ ಗಾಯಕ್ಕೆ ಮೂರು ಸುತ್ತು ಪಟ್ಟಿ ಬಿತ್ತು. ಕೆಂಪು ಚೀಟಿಯ ಯುವಕನ ಎದೆಯನ್ನು ಭಾಟಿಯಾ ಜೀ ಕ್ಯಾಮೆರಾ ನೋಡಿಕೊಂಡು ಒತ್ತಿದರು. ಆ ಯುವಕ ಅವರ ಬೀಗರ ಮನೆಯವನು. ಮೂವತ್ತೆರಡನೆಯ ನಿಮಿಷಕ್ಕೆ ಎಲ್ಲರೂ ಬದುಕಿದ್ದರು. ಸಮೋಸದ ಡಬ್ಬ ತೆರೆಯುವ ಸದ್ದು ಕೇಳಿಸಿತು.

"ಕೆಂಪ, ಏಳು. ಡೇರೆಗೆ ಹೋಗು," ಎಂದರು ಶ್ರೀವತ್ಸ, ಹಾದುಹೋಗುತ್ತ.

ಮಂಡಿ ತಾನಾಗಿಯೇ ಮಡಚಲು ಹೊರಟಿತು. ಹನ್ನೊಂದು ಸಲದ ರೂಢಿ. ಕೆಂಪಣ್ಣ ಮಂಡಿಯನ್ನು ತಡೆದ. ಯಾಕೆ ತಡೆದ ಎಂದು ಅವನಿಗೇ ತಿಳಿಯಲಿಲ್ಲ. ಎದೆ ಡವಡವ ಹೊಡೆದುಕೊಂಡಿತು. ಸತ್ತವನ ಎದೆ ಇಷ್ಟು ಜೋರಾಗಿ ಹೊಡೆದುಕೊಳ್ಳಬಾರದು ಎಂದು ಅದಕ್ಕೂ ಭಯವಾಯಿತು. ತಪ್ಪು ಮಾಡುತ್ತಿದ್ದೇನೆಯೇ? ತರಬೇತಿ ಪುಸ್ತಕ ನೆನಪಿಗೆ ಬಂತು. ಅರವತ್ತೊಂದನೆಯ ಪುಟ. 'ಮೃತದೇಹವನ್ನು ನಾಲ್ವರು ಸ್ವಯಂಸೇವಕರು ಸ್ಟ್ರೆಚರಿನಲ್ಲಿ ಗೌರವದಿಂದ ಸಾಗಿಸತಕ್ಕದ್ದು. ಕೊನೆಯ ದೇಹ ಸ್ಥಳದಿಂದ ತೆರವಾಗುವ ತನಕ ಕಾರ್ಯಾಚರಣೆ ಮುಗಿಯಿತೆಂದು ಘೋಷಿಸತಕ್ಕದ್ದಲ್ಲ.' ದೇಹ ಎದ್ದು ನಡೆಯತಕ್ಕದ್ದು ಎಂದು ಯಾವ ಪುಟದಲ್ಲೂ ಇರಲಿಲ್ಲ. ಏಳು ವರ್ಷ ನಿಯಮ ಮುರಿದವನು ತಾನೇ. ಇವತ್ತಾದರೂ ಸರಿಯಾಗಿ ಸಾಯಬೇಕು.

ಅವನು ಏಳಲಿಲ್ಲ.

"ಏಯ್, ನಿದ್ದೆ ಬಂತೇನೋ?" ಶ್ರೀವತ್ಸ ಹಿಂದಿರುಗಿ ಬಂದರು. "ಕೆಂಪ. ಏಳೋ. ಮೇಡಂ ನೋಡ್ತಿದಾರೆ."

ಕೆಂಪಣ್ಣ ಸತ್ತಿದ್ದ.

"ಏನಾಗಿದೆ ನಿಂಗೆ? ಕೋಪಾನಾ? ಆಮೇಲೆ ಕೂತು ಮಾತಾಡೋಣ, ಚಲೋ, ಈಗ ಏಳು."

ಭಾಟಿಯಾ ಜೀ ಬಂದರು. ಟೇಪು ಕಟ್ಟಲು ನೆಟ್ಟಿದ್ದ ಬಿದಿರು ಕಿತ್ತು, ಅದರ ತುದಿಯಿಂದ ಪಕ್ಕೆಗೆ ತಿವಿದರು. "ಓಯ್. ಉಠ್."

"ಅದೇನದು?" ಮೇಡಂ ದನಿ. "ದೇಹವನ್ನು ಕೋಲಿನಿಂದ ತಿವಿಯುತ್ತಿದ್ದೀರಾ? ಇದು ಇನ್ನೂ ಯಾಕೆ ಇಲ್ಲಿದೆ?"

"ಮೇಡಂ, ಇವನು ಎದ್ದು ಹೋಗುತ್ತಾನೆ," ಎಂದರು ಶ್ರೀವತ್ಸ.

"ದೇಹ ಎದ್ದು ಹೋಗುತ್ತದೆಯೇ?"

"ಪ್ರತಿ ಸಲ ಹೋಗುತ್ತಾನೆ ಮೇಡಂ."

ಮೇಡಂ ಪುಸ್ತಕ ತೆರೆದರು. ಅರವತ್ತೊಂದನೆಯ ಪುಟ. ಗಟ್ಟಿಯಾಗಿ ಓದಿದರು. ಸ್ಟಾಪ್‌ವಾಚು ನೋಡಿದರು. "ಗಡಿಯಾರ ಓಡುತ್ತಿದೆ. ನಾಲ್ಕು ಜನ ಬನ್ನಿ."

ಯಾರೂ ಬರಲಿಲ್ಲ. ಇಪ್ಪತ್ತಾರು ಜನ ರಕ್ಷಕರಿದ್ದರು. ಇದ್ದಕ್ಕಿದ್ದಂತೆ ಎಲ್ಲರಿಗೂ ಬೆನ್ನು ನೋವು ಬಂತು. ಒಬ್ಬರಿಗೆ ಹಿಂದಿನ ವರ್ಷ ಹರ್ನಿಯಾ ಆಗಿತ್ತು. ಒಬ್ಬರಿಗೆ ಅವತ್ತು ಏಕಾದಶಿ. ಬ್ಯಾಂಕ್ ಮ್ಯಾನೇಜರು ಪಟ್ಟಿ ಸುತ್ತಿದ ಕಿರುಬೆರಳು ಎತ್ತಿ ತೋರಿಸಿದರು. ಗಗನನಿಗೆ ಫೋನ್ ಬಂದಿತ್ತು. ಫೋನು ಸದ್ದು ಮಾಡದಿದ್ದರೂ ಕಿವಿಗೆ ಹಿಡಿದುಕೊಂಡು ಮರದ ಹಿಂದೆ ಹೋದ. ಯಾಕೆಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಮೇಡಂ ಕೂಡ ಕೇಳಲಿಲ್ಲ. ಅವರು ಮುಖದಿಂದ ಮುಖಕ್ಕೆ ನೋಡಿದರು, ಶ್ರೀವತ್ಸ ಪಕ್ಕಕ್ಕೆ ಬಂದು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡರು, "ಓ," ಎಂದರು. ಆ ಒಂದು ಅಕ್ಷರ ಕೆಂಪಣ್ಣನ ಕಿವಿಗೆ ಬಿತ್ತು. ಡಾಂಬರಿಗಿಂತ ಬಿಸಿಯಾಗಿತ್ತು.

"ಕಿಟ್ಟಿನಲ್ಲಿ ಕೈಗವಸು ಇರಬೇಕಲ್ಲ?" ಎಂದರು ಮೇಡಂ.

ಕೈಗವಸಿನ ಪೊಟ್ಟಣಕ್ಕೆ ಹಾಕಿದ ಮೊಹರು ಹಾಗೇ ಇತ್ತು. ಒಡೆದು ಎಳೆದರು. ರಬ್ಬರು ಒಂದಕ್ಕೊಂದು ಅಂಟಿ, ಹರಿದು, ಬೆರಳುಗಳು ಬೆರಳಿನಲ್ಲೇ ಉದುರಿದವು. ಮೇಡಂ ಬರೆದುಕೊಂಡರು: ಕೈಗವಸಿನ ಅವಧಿ ಮೀರಿದೆ.

"ಸಫಾಯಿಯವರು ಇದ್ದಾರಲ್ಲ ಮೇಡಂ," ಎಂದು ಭಾಟಿಯಾ ಜೀಗೆ ಹೊಳೆಯಿತು. ಡ್ರಿಲ್ಲಿಗೆಂದು ಬೆಳಿಗ್ಗೆಯಿಂದ ಗಲ್ಲಿ ಗುಡಿಸಿದ್ದ ಗುತ್ತಿಗೆಯ ನಾಲ್ವರು ಮೂಲೆಯಲ್ಲಿ ಕೂತು ರೊಟ್ಟಿ ಬಿಚ್ಚಿದ್ದರು. ಕೂಗಿ ಕರೆದರು. ಅವರಲ್ಲಿ ಹಿರಿಯಳು ಅಹಲ್ಯಾ. ಸೆರಗಿಗೆ ಕೈ ಒರೆಸಿಕೊಂಡು ಬಂದು ಕೆಂಪಣ್ಣನ ತಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಅವನ ಹಣೆಯ ಮೇಲೆ ಅಂಗೈ ಇಟ್ಟಳು. ಇರುವೆಗಳನ್ನು ಕೊಡವಿದಳು.

"ಬುಖಾರ್ ಹೈ ಇಸ್ಕೋ," ಎಂದಳು. "ಜ್ವರದಿಂದ ಮೈ ಸುಡುತ್ತಿದೆ. ಇವನು ಜೀವಂತ ಇದ್ದಾನೆ."

"ಗೊತ್ತು. ಎತ್ತಿಕೊಂಡು ಹೋಗಿ ಆ ಡೇರೆಯಲ್ಲಿ ಹಾಕಿ."

ಅಹಲ್ಯಾ ಎದ್ದು ನಿಂತಳು. "ಬಾಬೂಜೀ, ನಾಯಿ ಸತ್ತರೆ ನಮ್ಮನ್ನು ಕರೀತೀರಿ, ದನ ಸತ್ತರೆ ಕರೀತೀರಿ, ಎತ್ತುತ್ತೇವೆ. ಇವನನ್ನು ಸಾಯಿಸಿದವರು ನೀವು. ನೀವೇ ಎತ್ತಿ."

ರೊಟ್ಟಿಯ ಹತ್ತಿರಕ್ಕೆ ತಿರುಗಿ ಹೋದಳು. ಮಿಕ್ಕ ಮೂವರು ಎದ್ದೇ ಇರಲಿಲ್ಲ.

ಗಡಿಯಾರ ಓಡಿತು. ಮೇಡಂ ಶ್ರೀವತ್ಸರ ಕಡೆ ನೋಡಿ, ಇನ್ನು ಐದು ನಿಮಿಷದಲ್ಲಿ ದೇಹ ತೆರವಾಗದಿದ್ದರೆ ಇಡೀ ಘಟಕವನ್ನೇ ಅನರ್ಹ ಎಂದು ಬರೆಯುತ್ತೇನೆ ಎಂದರು. ಅನರ್ಹ ಎಂದರೆ ತೋಳಪಟ್ಟಿಗಳು ವಾಪಸು ಹೋಗುತ್ತವೆ. ಎಲ್ಲರದೂ. ಆಗ ಕರ್ಚೀಫುಗಳು ಹೊರಬಂದವು.

ಶ್ರೀವತ್ಸ ತಲೆಯ ಬಲಕ್ಕೆ, ಭಾಟಿಯಾ ಜೀ ಎಡಕ್ಕೆ, ಗಗನ್ ಮತ್ತು ಏಕಾದಶಿಯವರು ಕಾಲಿಗೆ. ಹನ್ನೆರಡು ಸಾವುಗಳಲ್ಲಿ ಮೊದಲ ಸಲ ಕೆಂಪಣ್ಣನ ಮೈಗೆ ದಳದ ಕೈ ತಾಗಿತು. ಬಟ್ಟೆ ಸುತ್ತಿದ ಕೈ. ಹೆಗಲ ಕೆಳಗೆ ಹೆದರಿದ ಬೆರಳುಗಳು. ಕೆಂಪಣ್ಣ ಎಪ್ಪತ್ತೆಂಟು ಕಿಲೊ ಇದ್ದ. ಬೆಂಚು ಎತ್ತಿದ ಮೈ. ಬೇರೆ ದಿನವಾದರೆ ಎತ್ತುವವರಿಗೆ ತ್ರಾಸವಾಗದಿರಲೆಂದು ಉಸಿರು ಬಿಗಿಹಿಡಿದು ಹಗುರಾಗಲು ನೋಡುತ್ತಿದ್ದನೇನೋ. ಇವತ್ತು ಪೂರ್ತಿ ಎಪ್ಪತ್ತೆಂಟು ಕಿಲೊವನ್ನೂ ಬಿಟ್ಟುಕೊಟ್ಟ.

ಡೇರೆ ಇನ್ನೂರು ಹೆಜ್ಜೆ ದೂರವಿತ್ತು. ನಡುವೆ ಎರಡು ಸಲ ಇಳಿಸಿದರು. "ನೀನು ನಮಗೆ ಹೀಗೆ ಮಾಡಬಹುದಾ ಕೆಂಪ," ಎಂದು ಶ್ರೀವತ್ಸ ಏದುಸಿರಿನ ನಡುವೆ ಕನ್ನಡದಲ್ಲಿ ಅಂದರು. "ನಾವು ಒಂದೇ ಊರಿನ ಕಡೆಯವರು." ಅವರ ಬೆವರು ಕೆಂಪಣ್ಣನ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಅವನು ಒರೆಸಿಕೊಳ್ಳಲಿಲ್ಲ. ಸತ್ತವರು ಒರೆಸಿಕೊಳ್ಳುವುದಿಲ್ಲ.

ಡೇರೆಯೊಳಗೆ ಇಳಿಸಿದ ಮೇಲೆ ಸೈರನ್ ಕೂಗಿತು. ಡ್ರಿಲ್ ಮುಗಿಯಿತು. ಕೆಂಪಣ್ಣ ಕಣ್ಣು ತೆರೆದು ಎದ್ದು ಕೂತ. ಬೆನ್ನಿನ ಚರ್ಮ ಅಂಗಿಯೊಂದಿಗೆ ಬಂತು.

ನಲವತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಡ್ರಿಲ್ ಎಪ್ಪತ್ತೊಂಬತ್ತು ನಿಮಿಷ ಹಿಡಿದಿತ್ತು. ಅದರಲ್ಲಿ ನಲವತ್ತೇಳು ನಿಮಿಷ ಒಂದೇ ದೇಹಕ್ಕೆ. ವಿಳಂಬದ ವರದಿಗೆ ಒಂದು ನಮೂನೆಯಿದೆ. ಸಂಬಂಧಪಟ್ಟವರೇ ಕಾರಣ ಬರೆದು ಸಹಿ ಮಾಡಬೇಕು. ಶ್ರೀವತ್ಸ ಹೊಸ ಪ್ಯಾಡು ಹಿಡಿದು ಡೇರೆಗೆ ಬಂದರು. ನೂರು ಹಾಳೆಯ ಪ್ಯಾಡು. ಅವರು ನೆಲಕ್ಕೆ ಕೂತದ್ದನ್ನು ಕೆಂಪಣ್ಣ ನೋಡಿದ್ದು ಅದೇ ಮೊದಲು.

"ನೋಡು ಕೆಂಪಣ್ಣ," ಎಂದರು. "ಬಿಸಿಲಿಗೆ ನಿದ್ದೆ ಬಂದುಬಿಟ್ಟಿತು, ಕರೆದದ್ದು ಕೇಳಿಸಲಿಲ್ಲ ಅಂತ ಒಂದು ಸಾಲು ಬರೆದುಕೊಡು. ಸಾಕು. ಎಲ್ಲರ ಮಾನ ಉಳಿಯುತ್ತೆ."

"ನನಗೆ ನಿದ್ದೆ ಬಂದಿರಲಿಲ್ಲ ಸರ್."

"ಗೊತ್ತಪ್ಪ. ವಾರ್ಡನ್ ನೀನೇ. ಮುಂದಿನ ಸಲ ಅಲ್ಲ, ಇವತ್ತೇ. ಗಗನನ ಪಟ್ಟಿ ಬಿಚ್ಚಿಸಿ ತಂದಿದೀನಿ ನೋಡು." ಜೇಬಿನಿಂದ ತೋಳಪಟ್ಟಿ ತೆಗೆದು ನೆಲದ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

ಕೆಂಪಣ್ಣ ಪಟ್ಟಿಯನ್ನು ನೋಡಿದ. ಏಳು ವರ್ಷ ಬೇಕೆನಿಸಿದ ವಸ್ತು. ಒಂದು ಸಾಲು. ಬರೆದರೆ ಸಂಜೆ ಮಗಳ ಮುಂದೆ ತೋಳು ಚಾಚಿ ನಿಲ್ಲಬಹುದು. ಕಿವಿ ಕೇಳಿಸದ ಆ ಅಜ್ಜಿಯ ಬಾಗಿಲು ತಾನೇ ತಟ್ಟಬಹುದು. ಬರೆಯದಿದ್ದರೆ ಇನ್ನು ಸಾಯಲೂ ಕರೆಯುವುದಿಲ್ಲ. ನಾನು ಯಾವ ದೊಡ್ಡ ಮನುಷ್ಯ? ನಿದ್ದೆ ಬಂದಿರಲೂಬಹುದಲ್ಲ. ಎಲ್ಲರೂ ಸುಳ್ಳು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡಿದ್ದಾರೆ, ನನ್ನದೊಂದು ಸುಳ್ಳು ನಿದ್ದೆ ಭಾರವೇ? ಪೆನ್ನು ತೆಗೆದುಕೊಂಡ. ಶ್ರೀವತ್ಸರ ಮುಖ ಅರಳಿತು.

'ವಿಳಂಬಕ್ಕೆ ಕಾರಣ' ಎಂಬ ಕಡೆ ಕೆಂಪಣ್ಣ ಹಿಂದಿಯಲ್ಲಿ, ಪರೀಕ್ಷೆಗೆ ಬರೆದಂತೆ ದುಂಡಗೆ ಬರೆದ: ನನ್ನನ್ನು ಮುಟ್ಟಲು ಇವರಿಗೆ ನಲವತ್ತೇಳು ನಿಮಿಷ ಹಿಡಿಯಿತು. ಕೆಳಗೆ ಸಹಿ, ತಂದೆಯ ಹೆಸರು, ತಾರೀಖು.

ಶ್ರೀವತ್ಸ ಓದಿದರು. ಹಾಳೆ ಕಿತ್ತು ನಾಲ್ಕು ಚೂರು ಮಾಡಿದರು. "ಕೊಬ್ಬು," ಎಂದರು. ಏಳು ವರ್ಷದಲ್ಲಿ ಅವರು ಆಡಿದ ಮೊದಲ ನಿಜವಾದ ಮಾತು.

ಕೆಂಪಣ್ಣ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಂಡ. ಇನ್ನೊಂದು ಹಾಳೆಯಲ್ಲಿ ಅದನ್ನೇ ಬರೆದ. ಪ್ಯಾಡು ಹಿಡಿದು ಎದ್ದು ಶಾಮಿಯಾನದ ಕೆಳಗೆ ಹೋದ. ಸಮೋಸ ಹಿಡಿದವರು ದಾರಿ ಬಿಟ್ಟರು. ಅವನಿಗೆ ದಾರಿ ಬಿಡುವುದು ಅವರಿಗೆ ಹೇಗೂ ಅಭ್ಯಾಸವಿತ್ತು. ಹಾಳೆಯನ್ನು ಕಿತ್ತು ಮೇಡಂ ಮುಂದೆ ಇಟ್ಟ.

ಮೇಡಂ ಓದಿದರು. ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಓದಿದರು.

"ಇದನ್ನು ನಾನು ಮೇಲೆ ಕಳಿಸುವಂತಿಲ್ಲ," ಎಂದರು. ದನಿ ಮೆತ್ತಗಿತ್ತು. "ಈ ಜಾಗದಲ್ಲಿ ತಾಂತ್ರಿಕ ಕಾರಣ ಮಾತ್ರ ಬರೆಯಬೇಕು."

"ಇದು ತಾಂತ್ರಿಕ ಕಾರಣವೇ ಮೇಡಂ. ಪುಟ ಅರವತ್ತೊಂದು. ಎಂಟು ಕೈ ಬೇಕಿತ್ತು. ಇಲ್ಲಿ ಐವತ್ತೆರಡು ಇದ್ದವು. ಒಂದೂ ಬರಲಿಲ್ಲ."

"ನೋಡಿ, ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಬೇರೆ ಹಾಳೆಯಲ್ಲಿ ಬೇರೆ ರೀತಿ ಬರೆಯಿರಿ." ಹಾಳೆಯನ್ನು ಬೆರಳಿನಿಂದ ಅವನ ಕಡೆಗೆ ತಳ್ಳಿದರು.

ಕೆಂಪಣ್ಣ ಮೇಡಂ ಎದುರಿನ ಖಾಲಿ ಕುರ್ಚಿಯನ್ನು ಎಳೆದು ಕೂತ. ಯಾರೂ ಕೂರು ಎಂದಿರಲಿಲ್ಲ. ಶರಬತ್ತು ಮೆತ್ತಿದ ಮೊಣಕೈ ಮೇಜಿನ ಬಿಳಿ ಬಟ್ಟೆಗೆ ಅಂಟಿಕೊಂಡಿತು. ಪ್ಯಾಡನ್ನು ನೇರ ಮಾಡಿಕೊಂಡ. ಅದರಲ್ಲಿ ಇನ್ನೂ ತೊಂಬತ್ತೆಂಟು ಹಾಳೆ ಇದ್ದವು.

ಅದೇ ಸಾಲು ಬರೆಯತೊಡಗಿದ.